ಇಬ್ಬರು ಮುಷ್ಟಿಮಲ್ಲರು

ಪಂದ್ಯವನ್ನು ಅಂಗಳದಲ್ಲಿ ನಿಂತು ಕಣ್ಣಾರೆ ನೋಡುವುದು ಒಂದು ಬಗೆ. ಮನೆಯಲ್ಲಿ ರೇಡಿಯೋ ಮುಂದೆ ಕುಳಿತು ಕಿವಿಯಿಂದ ನೋಡುವುದು ಇನ್ನೊಂದು ಬಗೆ. ಕಣ್ಣಿಗೆ ಕಾಣುವುದು ನಡೆದಷ್ಟೇ. ಕಿವಿಗೆ ಬಿದ್ದುದಕ್ಕಾದರೋ ಕೇಳುವವನು ತನ್ನ ಆಸೆ, ತನ್ನ ಅಂಜಿಕೆ, ತನ್ನ ಹಳೆಯ ನೋವು ಎಲ್ಲವನ್ನೂ ಬೆರೆಸಿಕೊಳ್ಳುತ್ತಾನೆ. ಆದುದರಿಂದಲೇ ಒಂದೇ ಪಂದ್ಯದ ಒಂದೇ ವರ್ಣನೆಯನ್ನು ಕೇಳಿದ ಇಬ್ಬರು ಬೇರೆ ಬೇರೆ ಕಥೆ ಹೇಳುವುದುಂಟು.

ಹಾಗೆ ಕೋಟ್ಯಂತರ ಜನ ಕಿವಿಯಿಂದ ನೋಡಿದ ಒಂದು ಕಾಳಗದ ಮಾತನ್ನು ಇಂದು ಹೇಳಬೇಕೆಂದಿದ್ದೇನೆ. ಅದು ನಡೆದದ್ದು 1938ನೆಯ ಇಸವಿ ಜೂನ್ 22ರ ರಾತ್ರಿ, ನ್ಯೂಯಾರ್ಕ್ ನಗರದ ಯಾಂಕೀ ಸ್ಟೇಡಿಯಮ್ಮಿನಲ್ಲಿ. ಅಲ್ಲಿ ನೆರೆದಿದ್ದವರು ಸುಮಾರು 70,000 ಮಂದಿ. ರೇಡಿಯೋದಲ್ಲಿ ಕೇಳಿದವರು ಅಮೆರಿಕ ಒಂದರಲ್ಲೇ ಸುಮಾರು 7 ಕೋಟಿ ಎಂದು ಅಂದಾಜು. ಅದೇ ವೇಳೆಗೆ ಜರ್ಮನಿಯಲ್ಲಿ ಬೆಳಗಿನ ಜಾವದ 3 ಗಂಟೆ. ಅಲ್ಲಿಯೂ ಜನ ನಿದ್ದೆಗೆಟ್ಟು ರೇಡಿಯೋ ಸುತ್ತ ಕುಳಿತಿದ್ದರು. ಇಷ್ಟು ಜನ ಕಾದು ಕುಳಿತ ಆ ಕಾಳಗ ಮುಗಿದದ್ದು 2 ನಿಮಿಷ 4 ಸೆಕೆಂಡುಗಳಲ್ಲಿ. ಅಡಿಗೆಯ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದವನಿಗೆ ಪಂದ್ಯ ತಪ್ಪಿಹೋಯಿತು.

ಕಾದಿದವರಲ್ಲಿ ಒಬ್ಬ ಅಮೆರಿಕದ ಕಪ್ಪು ಜನಾಂಗದ ಜೋ ಲೂಯಿಸ್. ಇನ್ನೊಬ್ಬ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. ಇಬ್ಬರೂ ಹೆವಿವೇಟ್, ಅಂದರೆ ಭಾರೀ ತೂಕದ ವರ್ಗದ ಮುಷ್ಟಿಮಲ್ಲರು.

ಬಾಕ್ಸಿಂಗಿನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ನಮ್ಮ ಗರಡಿಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿದರೆ ಚಿತ್ತಾದ, ಆಟ ಮುಗಿಯಿತು. ಬಾಕ್ಸಿಂಗಿನಲ್ಲಿ ಹಿಡಿತ, ಪಟ್ಟು ಯಾವುದೂ ಇಲ್ಲ. ಕೈಗೆ ಮೆತ್ತನೆಯ ಗವಸು ಕಟ್ಟಿ, ಸೊಂಟದ ಮೇಲಿನ ಭಾಗಕ್ಕೆ ಮಾತ್ರ ಗುದ್ದಬೇಕು. ಮೂರು ನಿಮಿಷಕ್ಕೆ ಒಂದು ಸುತ್ತು, ನಡುವೆ ಒಂದು ನಿಮಿಷ ವಿರಾಮ. ಆ ಕಾಲದಲ್ಲಿ ದೊಡ್ಡ ಪಂದ್ಯಗಳು 15 ಸುತ್ತಿನವು. ಬಿದ್ದವನು ರೆಫರಿ ಹತ್ತು ಎಣಿಸುವುದರೊಳಗೆ ಎದ್ದು ನಿಲ್ಲದಿದ್ದರೆ ಸೋತ. ಅದಕ್ಕೆ ನಾಕೌಟ್ ಎಂದು ಹೆಸರು.

ಜೋ ಲೂಯಿಸ್ ಹುಟ್ಟಿದ್ದು 1914ರಲ್ಲಿ, ಅಮೆರಿಕದ ದಕ್ಷಿಣದ ಅಲಬಾಮ ಸಂಸ್ಥಾನದ ಹತ್ತಿಹೊಲಗಳ ನಡುವೆ. ಅವನ ಅಜ್ಜಂದಿರು ಗುಲಾಮರಾಗಿದ್ದವರು. ತಂದೆತಾಯಿ ಪಾಲಿಗೆ ಹೊಲ ಮಾಡಿದವರು. ಎಂಟು ಮಕ್ಕಳಲ್ಲಿ ಜೋ ಏಳನೆಯವನು. 1926ರಲ್ಲಿ ಸಂಸಾರವೆಲ್ಲ ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ಗೆ ಬಂತು. ಮಗ ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಹಣವನ್ನು ಹುಡುಗ ವ್ಯಾಯಾಮಶಾಲೆಗೆ ಕಟ್ಟಿ ಮುಷ್ಟಿಯುದ್ಧ ಕಲಿತನೆಂದು ಹೇಳುತ್ತಾರೆ. 1934ರಲ್ಲಿ ಹಣಕ್ಕಾಗಿ ಕಾದುವ ವೃತ್ತಿಗೆ ಇಳಿದ. ಮಾರನೆಯ ವರ್ಷವೇ ಇಟಲಿಯ ದೈತ್ಯ ಪ್ರೀಮೊ ಕಾರ್ನೆರಾನನ್ನೂ ಅಮೆರಿಕದ ಮ್ಯಾಕ್ಸ್ ಬೇರ್‌ನನ್ನೂ ಕೆಡವಿದ. ಇಬ್ಬರೂ ಒಮ್ಮೆ ಜಗಜ್ಜಟ್ಟಿಗಳೆನಿಸಿದ್ದವರು.

ಆದರೆ ಕಪ್ಪು ಮೈಯವನಿಗೆ ಆ ಪಟ್ಟದ ಬಾಗಿಲು ಮುಚ್ಚಿತ್ತು. ಅದಕ್ಕೊಂದು ಹಿಂದಣ ಕಥೆಯಿದೆ. 1908ರಿಂದ 1915ರವರೆಗೆ ಜ್ಯಾಕ್ ಜಾನ್ಸನ್ ಎಂಬ ಕಪ್ಪು ಮಲ್ಲ ಈ ಪಟ್ಟವನ್ನು ಆಳಿದ್ದ. ಅವನು ಬಿಳಿಯರನ್ನು ಗುದ್ದಿ ಕೆಡವಿ, ನಕ್ಕು, ಹಂಗಿಸಿ, ತನ್ನ ಇಷ್ಟದಂತೆ ಬದುಕಿದವನು. 1910ರಲ್ಲಿ ಅವನು ಜಿಮ್ ಜೆಫ್ರೀಸ್‌ನನ್ನು ಗೆದ್ದಾಗ ಎಷ್ಟೋ ಊರುಗಳಲ್ಲಿ ಗಲಭೆಯಾಗಿ ಕಪ್ಪು ಜನ ಪ್ರಾಣ ತೆತ್ತರು. ಅವನು ಪಟ್ಟ ಕಳೆದುಕೊಂಡ ಮೇಲೆ 22 ವರ್ಷಗಳ ಕಾಲ ಯಾವ ಕಪ್ಪು ಮಲ್ಲನಿಗೂ ಅದಕ್ಕಾಗಿ ಕಾದುವ ಅವಕಾಶವನ್ನೇ ಕೊಡಲಿಲ್ಲ.

ಲೂಯಿಸ್‌ನ ಕೆಲಸ ನೋಡಿಕೊಳ್ಳುತ್ತಿದ್ದ ಜಾನ್ ರಾಕ್ಸ್‌ಬರೋ ಮತ್ತು ಜೂಲಿಯನ್ ಬ್ಲ್ಯಾಕ್, ತರಬೇತಿ ಕೊಡುತ್ತಿದ್ದ ಜ್ಯಾಕ್ ಬ್ಲ್ಯಾಕ್‌ಬರ್ನ್, ಮೂವರೂ ಕಪ್ಪು ಜನರೇ. ಅವರು ಹುಡುಗನಿಗೆ ಕೆಲವು ಕಟ್ಟಳೆಗಳನ್ನು ಹಾಕಿದರು: ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು; ಬಿಳಿಯ ಹೆಂಗಸಿನ ಜತೆ ಫೋಟೋ ತೆಗೆಸಿಕೊಳ್ಳಬಾರದು; ಮಾತು ಕಡಿಮೆ ಇರಬೇಕು. ಗೆಲ್ಲಬಹುದು, ಆದರೆ ಗೆದ್ದೆನೆಂದು ಮುಖದಲ್ಲಿ ತೋರಿಸುವಂತಿಲ್ಲ! ಲೂಯಿಸ್‌ನ ಆ ಕಾಲದ ಚಿತ್ರಗಳಲ್ಲಿ ಕಾಣುವ ಕಲ್ಲಿನಂಥ ಮುಖ ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಅಭ್ಯಾಸದಿಂದಲೂ ಬಂದದ್ದು.

ಇನ್ನು ಷ್ಮೆಲಿಂಗ್. ಹುಟ್ಟಿದ್ದು 1905ರಲ್ಲಿ. ಹುಬ್ಬು ದಟ್ಟ, ಮಾತು ಮೃದು, ಕಾದಾಟದಲ್ಲಿ ಲೆಕ್ಕಾಚಾರದವನು. 1930ರಲ್ಲಿ ಅಮೆರಿಕದ ಜ್ಯಾಕ್ ಷಾರ್ಕಿ ಸೊಂಟದ ಕೆಳಗೆ ಗುದ್ದಿದನೆಂದು ಪಂಚರು ತೀರ್ಪಿತ್ತದ್ದರಿಂದ ಷ್ಮೆಲಿಂಗನಿಗೆ ವಿಶ್ವಪಟ್ಟ ದೊರಕಿತು. ಎರಡು ವರ್ಷದ ಮೇಲೆ ಅದೇ ಷಾರ್ಕಿಗೆ ಅದನ್ನು ಒಪ್ಪಿಸಬೇಕಾಯಿತು. 1933ರಲ್ಲಿ ಚಲನಚಿತ್ರ ತಾರೆ ಆನಿ ಓಂಡ್ರಾಳನ್ನು ಮದುವೆಯಾದ. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದಿತ್ತು. ಷ್ಮೆಲಿಂಗನ ಅಮೆರಿಕದ ಮ್ಯಾನೇಜರ್ ಜೋ ಜೇಕಬ್ಸ್ ಎಂಬ ಯಹೂದಿ. ಆತನನ್ನು ಬಿಡಬೇಕೆಂದು ಬರ್ಲಿನ್ನಿನಿಂದ ಒತ್ತಾಯ ಬಂದರೂ ಷ್ಮೆಲಿಂಗ್ ಬಿಡಲಿಲ್ಲ. ನಾಟ್ಸಿ ಪಕ್ಷಕ್ಕೂ ಸೇರಲಿಲ್ಲ. ಆದರೆ ಹಿಟ್ಲರ್ ಕರೆದಾಗ ಹೋಗಿ ಊಟಕ್ಕೂ ಕುಳಿತ, ಫೋಟೋಕ್ಕೂ ನಿಂತ. ಇವೆರಡನ್ನೂ ಜತೆಯಲ್ಲಿಟ್ಟುಕೊಂಡೇ ಆ ಮನುಷ್ಯನನ್ನು ತೂಗಬೇಕು.

ಇವರಿಬ್ಬರೂ ಮೊದಲ ಸಲ ಎದುರಾದದ್ದು 1936ರ ಜೂನ್ 19ರಂದು, ಅದೇ ಯಾಂಕೀ ಸ್ಟೇಡಿಯಮ್ಮಿನಲ್ಲಿ. ಲೂಯಿಸ್‌ಗೆ 22 ವಯಸ್ಸು, ಅದುವರೆಗೆ ಸೋಲನ್ನೇ ಕಂಡವನಲ್ಲ. ಷ್ಮೆಲಿಂಗನಿಗೆ ಮೂವತ್ತು ತುಂಬಿತ್ತು; ಅವನ ಕಾಲ ಮುಗಿಯಿತೆಂದೇ ಪತ್ರಿಕೆಗಳವರ ಮಾತು. ಬಾಜಿ ಕಟ್ಟುವವರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಲೂಯಿಸ್ ಸಹ ಆಗ ತಾನೇ ಕಲಿತ ಗಾಲ್ಫ್ ಆಟದ ಗುಂಗಿನಲ್ಲಿದ್ದು ತಾಲೀಮನ್ನು ಅಲಕ್ಷ್ಯ ಮಾಡಿದ್ದ.

ಷ್ಮೆಲಿಂಗ್ ಮಾತ್ರ ಹಿಂದಿನ ಡಿಸೆಂಬರಿನಲ್ಲೇ ನ್ಯೂಯಾರ್ಕಿಗೆ ಬಂದು, ಲೂಯಿಸ್ ಇನ್ನೊಬ್ಬನೊಡನೆ ಕಾದುವುದನ್ನು ಹತ್ತಿರದಿಂದ ನೋಡಿದ್ದ. ಅವನ ಪಂದ್ಯಗಳ ಚಲನಚಿತ್ರಗಳನ್ನು ತರಿಸಿ ಮತ್ತೆ ಮತ್ತೆ ನೋಡಿದ. ತನಗೇನೋ ಕಂಡಿದೆ ಎಂದು ಪತ್ರಿಕೆಗಳವರಿಗೆ ಹೇಳಿದಾಗ ಅವರು ನಕ್ಕರು. ಕಂಡದ್ದು ಇಷ್ಟೇ: ಲೂಯಿಸ್ ಎಡಗೈಯಿಂದ ಚುಚ್ಚುಗುದ್ದು ಕೊಟ್ಟು ಕೈಯನ್ನು ಹಿಂದಕ್ಕೆ ತರುವಾಗ ಅದು ಕ್ಷಣಕಾಲ ಕೆಳಗಿಳಿಯುತ್ತಿತ್ತು. ಆ ಕ್ಷಣದಲ್ಲಿ ಅವನ ಎಡಗೆನ್ನೆಗೆ ಕಾವಲಿಲ್ಲ. ಷ್ಮೆಲಿಂಗನ ಅತಿ ಬಲವಾದ ಆಯುಧವೋ ಬಲಗೈ! ನಾಲ್ಕನೆಯ ಸುತ್ತಿನಲ್ಲಿ ಆ ಬಲಗೈ ತನ್ನ ದಾರಿ ಹುಡುಕಿಕೊಂಡಿತು. ಲೂಯಿಸ್ ವೃತ್ತಿಯಲ್ಲಿ ಮೊದಲ ಸಲ ನೆಲಕ್ಕೆ ಬಿದ್ದ. ಎದ್ದ, ಮಬ್ಬು ಕವಿದ ಕಣ್ಣಿನಲ್ಲೇ ಮತ್ತೆ ಎಂಟು ಸುತ್ತು ನಿಂತ. 12ನೆಯ ಸುತ್ತಿನಲ್ಲಿ ಬಿದ್ದವನು ಏಳಲಿಲ್ಲ.

ಅಂದು ರಾತ್ರಿ ನ್ಯೂಯಾರ್ಕಿನ ಕಪ್ಪು ಜನರ ಕೇರಿಯಾದ ಹಾರ್ಲೆಮ್ಮಿನ ಬೀದಿಗಳಲ್ಲಿ ಗಂಡಸರು ಅತ್ತರು. ಅವರು ಅತ್ತದ್ದು ಒಬ್ಬ ಆಟಗಾರನ ಸೋಲಿಗಲ್ಲ. ಓಟಿಲ್ಲ, ಕೆಲಸವಿಲ್ಲ, ಬಸ್ಸಿನಲ್ಲಿ ಮುಂದೆ ಕೂರುವಂತಿಲ್ಲ ಎಂಬಂಥ ಬದುಕಿನಲ್ಲಿ, ಎದುರು ನಿಂತ ಬಿಳಿಯನನ್ನು ಕಾನೂನಿನ ಪ್ರಕಾರವೇ ಗುದ್ದಿ ಗೆಲ್ಲಬಲ್ಲ ತಮ್ಮವನೊಬ್ಬನಿದ್ದನಲ್ಲ, ಅವನೂ ಬಿದ್ದನಲ್ಲ ಎಂದು ಅತ್ತರು.

ಜರ್ಮನಿಯಲ್ಲಾದರೋ ಹಬ್ಬ. ಷ್ಮೆಲಿಂಗ್ ಹಿಂಡೆನ್‌ಬರ್ಗ್ ಎಂಬ ಪ್ರಸಿದ್ಧ ಆಕಾಶನೌಕೆಯಲ್ಲಿ ಸ್ವದೇಶಕ್ಕೆ ಮರಳಿದ. ಪಂದ್ಯದ ಚಿತ್ರವನ್ನು, ಇದು ಜರ್ಮನಿಯ ಗೆಲವೆಂಬ ಹೆಸರಿಟ್ಟು, ಊರೂರಿನಲ್ಲಿ ತೋರಿಸಿದರು. ತಿಂಗಳುಗಟ್ಟಲೆ ಕುಳಿತು ಒಬ್ಬ ಮನುಷ್ಯ ಇನ್ನೊಬ್ಬನ ಎಡಗೈಯ ತಪ್ಪನ್ನು ಕಂಡುಹಿಡಿದದ್ದು, ಗೋಬೆಲ್ಸನ ಪ್ರಚಾರಶಾಖೆಯ ಕೈಯಲ್ಲಿ ಒಂದು ಜನಾಂಗದ ರಕ್ತದ ಮಹಿಮೆಯಾಗಿ ಮಾರ್ಪಟ್ಟಿತು.

ಈ ಗೆಲವಿನ ಬಲದಿಂದ ಷ್ಮೆಲಿಂಗನಿಗೆ ವಿಶ್ವಪಟ್ಟಕ್ಕೆ ಕಾದುವ ಹಕ್ಕು ಬರಬೇಕಾಗಿತ್ತು. ಆಗ ಪಟ್ಟದಲ್ಲಿದ್ದವನು ಅಮೆರಿಕದ ಜೇಮ್ಸ್ ಬ್ರ್ಯಾಡಕ್. ಆದರೆ ಪಟ್ಟ ಜರ್ಮನಿಗೆ ಹೋದರೆ ಹಿಂದಿರುಗಿ ಬಂದೀತೆ ಎಂಬ ಭಯ ಅಮೆರಿಕದ ವ್ಯವಸ್ಥಾಪಕರಿಗೆ. ನಾಟ್ಸಿ ವಿರೋಧಿಗಳ ಬಹಿಷ್ಕಾರದ ಕೂಗು ಬೇರೆ. ಬ್ರ್ಯಾಡಕ್‌ನಿಗೆ ಮುಂದಿನ ಹತ್ತು ವರ್ಷ ಪಂದ್ಯಗಳ ಲಾಭದಲ್ಲಿ ನೂರಕ್ಕೆ ಹತ್ತು ಪಾಲು ಕೊಡುವುದಾಗಿ ಒಪ್ಪಿ, ಲೂಯಿಸ್‌ನನ್ನೇ ಅವನೆದುರು ನಿಲ್ಲಿಸಿದರು. ಇದು ಷ್ಮೆಲಿಂಗನಿಗೆ ಆದ ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. 22 ವರ್ಷ ಮುಚ್ಚಿದ್ದ ಬಾಗಿಲು ಕಪ್ಪು ಮನುಷ್ಯನಿಗೆ ತೆರೆದದ್ದೂ ಹೀಗೆ ಹಣದ ಮತ್ತು ಹಗೆಯ ಲೆಕ್ಕದಿಂದಲೇ. 1937ರ ಜೂನ್ 22ರಂದು ಚಿಕಾಗೋದಲ್ಲಿ ಲೂಯಿಸ್ ಎಂಟನೆಯ ಸುತ್ತಿನಲ್ಲಿ ಬ್ರ್ಯಾಡಕ್‌ನನ್ನು ಕೆಡವಿ ಜಗಜ್ಜಟ್ಟಿಯಾದ. ಆದರೂ ಷ್ಮೆಲಿಂಗನನ್ನು ಗೆಲ್ಲುವವರೆಗೆ ತನ್ನನ್ನು ಆ ಹೆಸರಿನಿಂದ ಕರೆಯಬೇಡಿ ಎಂದ.

ಸರಿಯಾಗಿ ಒಂದು ವರ್ಷಕ್ಕೆ ಮರುಪಂದ್ಯ ಗೊತ್ತಾಯಿತು. ಅಷ್ಟರಲ್ಲಿ ಜಗತ್ತಿನ ಹವೆಯೇ ಬೇರೆಯಾಗಿತ್ತು. 1938ರ ಮಾರ್ಚಿಯಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ್ದ. ಷ್ಮೆಲಿಂಗ್ ಇಳಿದಿದ್ದ ಹೋಟೆಲಿನ ಮುಂದೆ ಜನ ನಿಂತು ಧಿಕ್ಕಾರ ಕೂಗಿದರು. ಅವನು ಹಗ್ಗದ ಕಣಕ್ಕೆ ನಡೆದುಬರುವಾಗ ಬಾಳೆಹಣ್ಣಿನ ಸಿಪ್ಪೆ, ಸಿಗರೇಟಿನ ಪೊಟ್ಟಣ ಎಸೆದರು. ಅತ್ತ ಲೂಯಿಸ್‌ನಿಗೋ, ನೀನೇ ನಮ್ಮ ಪ್ರಜಾಪ್ರಭುತ್ವದ ತೋಳು ಎಂದು ಎಲ್ಲರೂ ಹೇಳುವವರೇ. ನಿನ್ನೆಯವರೆಗೆ ಅವನನ್ನು ತಮ್ಮ ಹೋಟೆಲಿನೊಳಗೆ ಬಿಡದಿದ್ದವರೂ ಹೇಳಿದರು!

ಗಂಟೆ ಬಾರಿಸಿತು. ಎನ್.ಬಿ.ಸಿ. ರೇಡಿಯೋದ ವರ್ಣನೆಕಾರ ಕ್ಲೆಮ್ ಮೆಕಾರ್ಥಿಯ ಗೊಗ್ಗರು ದನಿ ಹೊಡೆತದ ವೇಗಕ್ಕೆ ಸಮನಾಗಿ ಓಡಲು ಹೆಣಗಿತು. ಲೂಯಿಸ್ ಈ ಸಲ ಕಾಯಲಿಲ್ಲ. ಮೊದಲ ನಿಮಿಷದಲ್ಲೇ ಷ್ಮೆಲಿಂಗ್ ಹಗ್ಗಕ್ಕೆ ಆತುಕೊಂಡ. ಏಟು ತಪ್ಪಿಸಿಕೊಳ್ಳಲು ಅವನು ಮೈ ತಿರುಗಿಸಿದಾಗ ಲೂಯಿಸ್‌ನ ಬಲಗೈ ಅವನ ಪಕ್ಕೆಯ ಹಿಂಭಾಗಕ್ಕೆ ಬಡಿದು ಬೆನ್ನೆಲುಬಿನ ಒಂದು ಅಂಚು ಮುರಿಯಿತು. ಷ್ಮೆಲಿಂಗ್ ಚೀರಿದ್ದನ್ನು ಹತ್ತಿರ ಕುಳಿತವರು ಕೇಳಿದರು. ಆಮೇಲೆ ಒಮ್ಮೆ ಬಿದ್ದ, ಎದ್ದ. ಎರಡನೆಯ ಸಲ ಬಿದ್ದ, ಎದ್ದ. ಮೂರನೆಯ ಸಲ ಬಿದ್ದಾಗ ಅವನ ಕಡೆಯವರು ಸೋಲೊಪ್ಪಿ ಟವೆಲು ಎಸೆದರು. ನ್ಯೂಯಾರ್ಕಿನ ನಿಯಮದಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ರೆಫರಿ ಆರ್ಥರ್ ಡಾನೊವನ್ ಅದನ್ನು ಆಚೆಗೆಸೆದು, ಮರುಕ್ಷಣವೇ ತಾನಾಗಿ ಪಂದ್ಯ ನಿಲ್ಲಿಸಿದ. ಅಷ್ಟರಲ್ಲಿ ಷ್ಮೆಲಿಂಗನಿಂದ ಬಂದ ಗುದ್ದುಗಳು ಬೆರಳಲ್ಲಿ ಎಣಿಸುವಷ್ಟೂ ಇರಲಿಲ್ಲ.

ಈ ವೇಳೆಯಲ್ಲಿ ರೇಡಿಯೋದ ಆಚೆ ಬದಿಯಲ್ಲಿ ಏನಾಗುತ್ತಿತ್ತು? ಒಂದು ಅಂಗಳದ ಕಥೆ ಹೇಳುತ್ತೇನೆ.

ದಕ್ಷಿಣದ ಜಾರ್ಜಿಯ ಸಂಸ್ಥಾನದಲ್ಲಿ ಪ್ಲೇನ್ಸ್ ಎಂಬ ಊರಿನ ಹತ್ತಿರ ಒಬ್ಬ ಬಿಳಿಯ ಜಮೀನುದಾರನ ಹೊಲಮನೆ. ಅವನ ಮಗ 13 ವರ್ಷದ ಹುಡುಗ. ಆ ಹೊಲದಲ್ಲಿ ದುಡಿಯುವ ಕಪ್ಪು ಜನ ಬಂದು, ತಮಗೂ ಪಂದ್ಯ ಕೇಳಲು ಅಪ್ಪಣೆಯಾಗಬೇಕೆಂದು ಬೇಡಿದರು. ಯಜಮಾನ ಬ್ಯಾಟರಿಯ ರೇಡಿಯೋವನ್ನು ಕಿಟಕಿಯಲ್ಲಿಟ್ಟ. ಅವರು ಮನೆಯೊಳಗೆ ಬರುವಂತಿಲ್ಲ. ಹೊರಗೆ ಮರದ ಕೆಳಗೆ ನಿಂತೂ ಕುಳಿತೂ ಕೇಳಿದರು. ಎರಡು ನಿಮಿಷದಲ್ಲಿ ಲೂಯಿಸ್ ಗೆದ್ದ. ಯಜಮಾನನಿಗೆ ಮುಖ ಬಾಡಿತು. ಅವನ ಮನಸ್ಸು ಬಿಳಿಯ ಜರ್ಮನನ ಕಡೆಗಿತ್ತು. ಅಂಗಳದಲ್ಲಿ ಒಂದು ಉಸಿರೂ ಇಲ್ಲ. ಜನ ಮೆಲ್ಲಗೆ ಎದ್ದು, ಯಜಮಾನನಿಗೆ ವಿನಯದಿಂದ ಉಪಕಾರ ಹೇಳಿ, ಮಣ್ಣು ರಸ್ತೆ ದಾಟಿ, ರೈಲು ಹಳಿ ದಾಟಿ, ಹೊಲದ ನಡುವೆ ಇದ್ದ ತಮ್ಮ ಮನೆಯೊಂದನ್ನು ಹೊಕ್ಕು ಬಾಗಿಲು ಹಾಕಿಕೊಂಡರು. ಆಮೇಲೆ ಆ ಮನೆಯೊಳಗಿಂದ ಎದ್ದ ಕೇಕೆ, ಕೂಗು, ಸಂಭ್ರಮ ಈಚೆಯ ಅಂಗಳಕ್ಕೆ ಸ್ಪಷ್ಟವಾಗಿ ಕೇಳಿಸಿತು.

ಇದನ್ನು ನೋಡಿ ನೆನಪಿಟ್ಟುಕೊಂಡ ಆ ಹುಡುಗ ಜಿಮ್ಮಿ ಕಾರ್ಟರ್. ಮುಂದೆ 1977ರಿಂದ 1981ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದವರು. ತಮ್ಮ ಬಾಲ್ಯವನ್ನು ಬರೆಯುವಾಗ ಅವರು ಈ ಘಟನೆಯನ್ನು ಮರೆಯದೆ ಬರೆದಿದ್ದಾರೆ.

ಈ ಕಥೆ ಓದಿದಾಗಲೆಲ್ಲ ನನಗೆ ಅನ್ನಿಸುವುದುಂಟು: ಅಂದು ನ್ಯೂಯಾರ್ಕಿನಲ್ಲಿ ಒಬ್ಬ ಕಲ್ಲುಮುಖದ ಮಲ್ಲ ಹಿಗ್ಗನ್ನು ನುಂಗಿಕೊಂಡು ನಿಂತಿದ್ದ, ಅವನಿಗಾಗಿ ಹಿಗ್ಗಬೇಕಾದವರು ನೂರಾರು ಮೈಲಿ ದೂರದಲ್ಲಿ ಬಾಗಿಲು ಹಾಕಿಕೊಂಡು ಹಿಗ್ಗಿದರು. ಇಬ್ಬರಿಗೂ ಇದ್ದ ಕಟ್ಟಳೆ ಒಂದೇ. ಪ್ರಜಾಪ್ರಭುತ್ವ ಗೆದ್ದಿತೆಂದು ಪತ್ರಿಕೆಗಳು ಸಾರಿದ ಆ ರಾತ್ರಿ, ಗೆದ್ದವನ ಬಂಧುಗಳು ಗೆಲವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ರೈಲು ಹಳಿ ದಾಟಬೇಕಾಗಿತ್ತು.

ಇತ್ತ ಸೋತವನ ಕಥೆಯೇನು? ಷ್ಮೆಲಿಂಗ್ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಹಡಗು ಹತ್ತಿದ. ಈ ಸಲ ಅವನನ್ನು ಎದುರುಗೊಳ್ಳಲು ಮೆರವಣಿಗೆ ಇರಲಿಲ್ಲ, ಊಟಕ್ಕೆ ಕರೆಯೂ ಬರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಜರ್ಮನಿಯಲ್ಲೆಲ್ಲ ಯಹೂದಿಗಳ ಅಂಗಡಿ ಮನೆಗಳನ್ನು ಒಡೆದು, ದೇವಾಲಯಗಳಿಗೆ ಬೆಂಕಿ ಹಚ್ಚಿದರು. ಆಗ ಷ್ಮೆಲಿಂಗ್ ತನ್ನ ಯಹೂದಿ ಗೆಳೆಯನೊಬ್ಬನ ಇಬ್ಬರು ಮಕ್ಕಳನ್ನು ಬರ್ಲಿನ್ನಿನ ಹೋಟೆಲೊಂದರ ತನ್ನ ಕೋಣೆಯಲ್ಲಿ ಅಡಗಿಸಿಟ್ಟ. ಮೈಗೆ ಹುಷಾರಿಲ್ಲ, ಯಾರನ್ನೂ ಒಳಗೆ ಬಿಡಬೇಡಿ ಎಂದು ಹೋಟೆಲಿನವರಿಗೆ ಹೇಳಿದ. ಮಕ್ಕಳು ಬದುಕಿಕೊಂಡು ಅಮೆರಿಕ ಸೇರಿದರು. ಷ್ಮೆಲಿಂಗ್ ಇದನ್ನು ಯಾರಲ್ಲೂ ಹೇಳಿಕೊಳ್ಳಲಿಲ್ಲ. 1989ರಲ್ಲಿ, ಆ ಮಕ್ಕಳಲ್ಲೊಬ್ಬನಾದ ಹೆನ್ರಿ ಲೆವಿನ್, ಆಗ ದೊಡ್ಡ ಹೋಟೆಲು ಉದ್ಯಮಿಯಾಗಿದ್ದವನು, ತುಂಬಿದ ಸಭೆಯಲ್ಲಿ ಎದ್ದು ಹೇಳಿದಾಗಲೇ ಲೋಕಕ್ಕೆ ತಿಳಿದದ್ದು. ಅಂದರೆ ಆರ್ಯಜನಾಂಗದ ಹಿರಿಮೆಯ ಗುರುತೆಂದು ಯಾರನ್ನು ಮೆರೆಸಿದರೋ ಅವನೇ ಪ್ರಾಣಾಪಾಯವನ್ನು ಲೆಕ್ಕಿಸದೆ ಯಹೂದಿ ಮಕ್ಕಳನ್ನು ಕಾಯ್ದಿದ್ದ.

ಯುದ್ಧ ಬಂತು. ಷ್ಮೆಲಿಂಗನನ್ನು ಸೈನ್ಯಕ್ಕೆ ಎಳೆದರು. 1941ರಲ್ಲಿ ಛತ್ರಿಯ ಸಹಾಯದಿಂದ ಕ್ರೀಟ್ ದ್ವೀಪಕ್ಕೆ ಧುಮುಕಿದವರಲ್ಲಿ ಅವನೂ ಒಬ್ಬ. ಲೂಯಿಸ್ 1942ರಲ್ಲಿ ತಾನಾಗಿಯೇ ಸೈನ್ಯ ಸೇರಿದ. ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾದಳದ ಮತ್ತು ಭೂಸೈನ್ಯದ ಪರಿಹಾರನಿಧಿಗಳಿಗೆ ಕೊಟ್ಟ. ಅದೇ ನೌಕಾದಳದಲ್ಲಿ ಕಪ್ಪು ಜನರನ್ನು ಅಂದಿನವರೆಗೆ ಅಡಿಗೆ ಬಡಿಸುವ ಕೆಲಸದಿಂದಾಚೆ ಸೇರಿಸುತ್ತಿರಲಿಲ್ಲ. 1944ರಲ್ಲಿ, ತಾನು ಹುಟ್ಟಿದ ಅಲಬಾಮದಲ್ಲೇ ಒಂದು ಸೈನಿಕ ಶಿಬಿರದ ಬಸ್ ನಿಲ್ದಾಣದಲ್ಲಿ, ಕಪ್ಪು ಜನರ ಬೆಂಚಿಗೆ ಹೋಗೆಂದು ಗದರಿದಾಗ ಒಪ್ಪದ ಕಾರಣಕ್ಕೆ ಮಿಲಿಟರಿ ಪೋಲೀಸರು ಅವನನ್ನು ತಡೆಹಿಡಿದರು. ಮೈಮೇಲೆ ದೇಶದ ಸಮವಸ್ತ್ರ; ಜಗಜ್ಜಟ್ಟಿಯ ಪಟ್ಟ ಇನ್ನೂ ಅವನದೇ.

ಆ ಪಟ್ಟವನ್ನು ಅವನು ಸುಮಾರು 12 ವರ್ಷ, 25 ಸಲ ಸವಾಲು ಗೆದ್ದು ಉಳಿಸಿಕೊಂಡ. 1949ರಲ್ಲಿ ಬಿಟ್ಟುಕೊಟ್ಟ. ಆದರೆ ಗಳಿಸಿದ ಕೈಗೆ ಹಣ ನಿಲ್ಲಲಿಲ್ಲ. ತೆರಿಗೆಯ ಬಾಕಿ, ಬಡ್ಡಿಯ ಮೇಲೆ ಬಡ್ಡಿ ಸೇರಿ, ಹತ್ತು ಲಕ್ಷ ಡಾಲರನ್ನು ಮೀರಿತು. ಸಾಲಕ್ಕಾಗಿ ಮತ್ತೆ ಗವಸು ಕಟ್ಟಿ 1951ರಲ್ಲಿ ತರುಣ ರಾಕಿ ಮಾರ್ಸಿಯಾನೋನ ಕೈಯಲ್ಲಿ ಬಿದ್ದ. ಆಮೇಲೆ ಕಾಸಿಗಾಗಿ ಕುಸ್ತಿಯ ಪ್ರದರ್ಶನಗಳಲ್ಲೂ ಕಾಣಿಸಿಕೊಂಡ. ಕೊನೆಗಾಲದಲ್ಲಿ ಲಾಸ್ ವೇಗಾಸಿನ ಒಂದು ಜೂಜಿನ ಮಂದಿರದಲ್ಲಿ ಬಂದ ಗಿರಾಕಿಗಳನ್ನು ಕೈಕುಲುಕಿ ಸ್ವಾಗತಿಸುವ ಕೆಲಸ.

ಷ್ಮೆಲಿಂಗನ ಚಕ್ರ ಬೇರೆ ಕಡೆ ತಿರುಗಿತು. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡವನು ಹ್ಯಾಂಬರ್ಗಿನಲ್ಲಿ ಕೋಕಾ-ಕೋಲಾ ಪಾನೀಯದ ವ್ಯಾಪಾರ ಹಿಡಿದು ಅನುಕೂಲವಂತನಾದ. 1954ರಲ್ಲಿ ಅಮೆರಿಕಕ್ಕೆ ಹೋದಾಗ ಚಿಕಾಗೋದಲ್ಲಿ ಲೂಯಿಸ್‌ನ ಮನೆಯನ್ನು ಹುಡುಕಿಕೊಂಡು ಹೋದ. ಹದಿನಾರು ವರ್ಷದ ಮೇಲೆ ಇಬ್ಬರೂ ಒಂದು ಮೇಜಿನ ಮುಂದೆ ಕುಳಿತರು. ತನ್ನ ಹೆಸರಿನಲ್ಲಿ ಜರ್ಮನಿಯ ಪತ್ರಿಕೆಗಳು ಬರೆದ ಹೀನ ಮಾತುಗಳು ತನ್ನವಲ್ಲವೆಂದು ಷ್ಮೆಲಿಂಗ್ ಹೇಳಿದ. ಲೂಯಿಸ್ ಆ ಮಾತನ್ನು ಅಲ್ಲಿಗೇ ಬಿಡು ಎಂದ. ಅಂದಿನಿಂದ ಗೆಳೆತನ ಕೊನೆಯವರೆಗೆ ನಡೆಯಿತು. ಲೂಯಿಸ್‌ನ ಕಷ್ಟಕಾಲದಲ್ಲಿ ಷ್ಮೆಲಿಂಗ್ ಹಣದ ನೆರವು ಕೊಡುತ್ತಿದ್ದ. 1981ರ ಏಪ್ರಿಲ್ 12ರಂದು ಲೂಯಿಸ್ ತೀರಿಕೊಂಡಾಗ ಉತ್ತರಕ್ರಿಯೆಯ ವೆಚ್ಚದಲ್ಲೂ ಕೈಜೋಡಿಸಿದ. ಲೂಯಿಸ್‌ನನ್ನು ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಸೈನಿಕ ಮರ್ಯಾದೆಯೊಡನೆ ಮಣ್ಣುಮಾಡಿದರು. ಷ್ಮೆಲಿಂಗ್ 2005ರಲ್ಲಿ, ನೂರಕ್ಕೆ ಕೆಲವೇ ತಿಂಗಳು ಉಳಿದಿರುವಾಗ, ಕಣ್ಣುಮುಚ್ಚಿದ.

ಮುಪ್ಪಿನಲ್ಲಿ ಷ್ಮೆಲಿಂಗ್ ಒಂದು ಮಾತು ಹೇಳಿದ್ದ: ಅಂದು ಸೋತದ್ದಕ್ಕೆ ಈಗ ಹೆಚ್ಚುಕಡಿಮೆ ಸಂತೋಷವೇ, ಗೆದ್ದಿದ್ದರೆ ನಾಟ್ಸಿಗಳು ತನ್ನನ್ನು ಏನು ಮಾಡಿಬಿಡುತ್ತಿದ್ದರೋ ಎಂದು. ಬೆನ್ನೆಲುಬು ಮುರಿಸಿಕೊಂಡವನು ಆ ಸೋಲನ್ನು ತನ್ನ ಭಾಗ್ಯವೆಂದು ಎಣಿಸಬೇಕಾದರೆ, ಗೆದ್ದಾಗ ಹೆಗಲ ಮೇಲೆ ಬಿದ್ದಿದ್ದ ಹೊರೆ ಎಷ್ಟು ಭಾರವಾಗಿತ್ತೋ ಯೋಚಿಸಬೇಕು. ಆ ಹೊರೆಯನ್ನು ಅವನಾಗಿ ಹೊತ್ತದ್ದಲ್ಲ. ಲೂಯಿಸ್ ಹೊತ್ತ ಹೊರೆಯೂ ಅವನು ಬೇಡಿ ಪಡೆದದ್ದಲ್ಲ. ಇಬ್ಬರ ತೂಕವನ್ನೂ ಪಂದ್ಯಕ್ಕೆ ಮುಂಚೆ ತಕ್ಕಡಿಯಲ್ಲಿಟ್ಟು ನೋಡಿದರು. ಒಬ್ಬ 198 ಪೌಂಡಿಗೆ ಸ್ವಲ್ಪ ಮೇಲೆ, ಇನ್ನೊಬ್ಬ 193. ಅವರ ಹೆಗಲ ಮೇಲೆ ನಾವು ನೀವು ಕೇಳುಗರು ಹೊರಿಸಿದ ತೂಕ ಯಾವ ತಕ್ಕಡಿಗೂ ಬರಲಿಲ್ಲ.

ಪಂದ್ಯ ಕೇಳುವುದನ್ನು ನಾವೇನೂ ಬಿಡುವುದಿಲ್ಲ. ನಮ್ಮವನು ಗೆದ್ದರೆ ಕುಣಿಯುತ್ತೇವೆ, ಸೋತರೆ ಊಟ ಸೇರುವುದಿಲ್ಲ. ಅದು ತಪ್ಪೂ ಅಲ್ಲ. ಆದರೆ ಪಂದ್ಯ ಮುಗಿದು ರೇಡಿಯೋ ಆರಿಸಿದ ಮೇಲೆ, ಕಣದಲ್ಲಿ ಉಳಿದವರು ಬೆವರಿ ದಣಿದ ಇಬ್ಬರು ಮನುಷ್ಯರು ಎಂಬ ನೆನಪಿದ್ದರೆ ಸಾಕು. ಲೂಯಿಸ್ ಮತ್ತು ಷ್ಮೆಲಿಂಗ್ ಕೊನೆಯವರೆಗೆ ಆ ನೆನಪನ್ನು ಇಟ್ಟುಕೊಂಡಿದ್ದರು.